ಗ್ರಿಲ್ ಒಳಗೆ ಬರಲಿ, ಸಿಲಿಂಡರ್ ಹೊರಗೇ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕ, ಕೆನಡಾದ ಕನ್ನಡಿಗರು ಚಳಿಗಾಲಕ್ಕೆ ಮನೆಯನ್ನು ಹೇಗೆ ಸಜ್ಜು ಮಾಡಿಕೊಳ್ಳಬೇಕು ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಹಿತ್ತಿಲಿನ ಗ್ಯಾಸ್ ಗ್ರಿಲ್ಲಿಗೆ, ಅಂದರೆ ಜಾಲರಿಯ ಮೇಲೆ ಮಾಂಸ, ತರಕಾರಿ ಸುಡುವ ಒಲೆಗೆ, ಅದರಲ್ಲಿ ಸಿಕ್ಕಿದ್ದು ಒಂದೇ ವಾಕ್ಯ: ಹಿಮ ಬೀಳುವ ಮೊದಲು ಗ್ರಿಲ್ಲನ್ನೂ ಸಿಲಿಂಡರನ್ನೂ ಒಳಗೆ ತಂದಿಡಬೇಕಂತೆ. ಗ್ರಿಲ್ಲಿನ ಮಾತಿಗೆ ತಕರಾರಿಲ್ಲ. ಸಿಲಿಂಡರಿನ ಮಾತನ್ನು ಯಾರಾದರೂ ನಂಬಿ ನಡೆದರೆ ಮನೆಗೇ ಅಪಾಯ.

ಈ ತಪ್ಪು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ನಮ್ಮ ಕಡೆ ಸಿಲಿಂಡರ್ ಇರುವುದೇ ಅಡುಗೆಮನೆಯಲ್ಲಿ, ಕಟ್ಟೆಯ ಕೆಳಗೆ. ತುಂಬಿದ ಇನ್ನೊಂದು ಮೂಲೆಯಲ್ಲಿ, ಅದರ ತಲೆಯ ಮೇಲೆ ಈರುಳ್ಳಿ ಬುಟ್ಟಿ. 14.2 ಕೆ.ಜಿ. ಗ್ಯಾಸಿನ ಪಕ್ಕದಲ್ಲೇ ಮೂವತ್ತು ವರ್ಷ ಅಡುಗೆ ಮಾಡಿದವರಿಗೆ 9 ಕೆ.ಜಿ.ಯ ಗ್ರಿಲ್ ಸಿಲಿಂಡರ್ ಆಟಿಕೆಯಂತೆ ಕಾಣುತ್ತದೆ. ಊರಿಂದ ಬಂದ ಅಪ್ಪ ಸುಮ್ಮನೆ ಕೂರಲಾರದೆ, ‘ಪಾಪ, ಹಿಮದಲ್ಲಿ ತುಕ್ಕು ಹಿಡಿಯುತ್ತೆ’ ಎಂದು ಅದನ್ನು ಎತ್ತಿಕೊಂಡು ಹೋಗಿ ಬೇಸ್‌ಮೆಂಟಿನಲ್ಲಿ ಇಟ್ಟುಬಿಡುತ್ತಾರೆ. ಆ ಬೇಸ್‌ಮೆಂಟಿನಲ್ಲೇ ಮನೆ ಬಿಸಿ ಮಾಡುವ ಫರ್ನೇಸ್ ಇದೆ, ನೀರಿನ ಹೀಟರ್ ಇದೆ. ಎರಡೂ ದಿನಕ್ಕೆ ಹತ್ತಾರು ಸಲ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ನವೆಂಬರಿನಿಂದ ಮಾರ್ಚಿವರೆಗೆ ಒಂದು ಕಿಟಕಿಯೂ ತೆರೆಯುವುದಿಲ್ಲ.

ಗ್ರಿಲ್ ಸಿಲಿಂಡರಿನಲ್ಲಿರುವ ಪ್ರೊಪೇನ್ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿ ನಿಲ್ಲುತ್ತದೆ. ಮನೆಯಲ್ಲಿ ಬೇಸ್‌ಮೆಂಟಿಗಿಂತ ತಗ್ಗು ಇನ್ನೊಂದಿಲ್ಲ. ಗಾಳಿಯಲ್ಲಿ ಅದರ ಪಾಲು ಶೇ 2.1 ಮುಟ್ಟಿದರೆ ಕಿಡಿಯೊಂದು ಸಾಕು. ಒಂದು ಕೆ.ಜಿ. ದ್ರವ ಪ್ರೊಪೇನ್ ಅರ್ಧ ಘನ ಮೀಟರಿಗಿಂತ ತುಸು ಹೆಚ್ಚು ಅನಿಲವಾಗುತ್ತದೆ ಎಂದು ಲೆಕ್ಕ ಹಾಕಿದರೆ, ತುಂಬಿದ ಒಂದು ಸಿಲಿಂಡರು ಸಾವಿರ ಚದರಡಿಯ ಬೇಸ್‌ಮೆಂಟಿನ ಅಷ್ಟೂ ಗಾಳಿಯನ್ನು ಹೊತ್ತಿಕೊಳ್ಳುವ ಮಟ್ಟಕ್ಕೆ ತರಬಲ್ಲದು. ನೆಲದ ಮಟ್ಟದಲ್ಲಿ ಹರಡಿ ಫರ್ನೇಸಿನ ಬಾಯಿ ತಲುಪಲು ಅದರ ಕಾಲು ಭಾಗವೂ ಬೇಕಿಲ್ಲ. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘದ 58ನೇ ಸಂಹಿತೆ ಮನೆಯೊಳಗೆ ಇಟ್ಟುಕೊಳ್ಳಲು ಬಿಡುವುದು ಕ್ಯಾಂಪಿಂಗ್ ಸ್ಟೌವಿನ ಒಂದು ಪೌಂಡ್ ಡಬ್ಬಿಗಳನ್ನು ಮಾತ್ರ, ಅದೂ ಎರಡು. ಗ್ರಿಲ್ಲಿನ 20 ಪೌಂಡ್, ಅಂದರೆ ಆ 9 ಕೆ.ಜಿ. ಸಿಲಿಂಡರಿಗೆ ಮನೆ, ಬೇಸ್‌ಮೆಂಟ್, ಮನೆಗೆ ಅಂಟಿದ ಗ್ಯಾರೇಜ್ ಎಲ್ಲವೂ ನಿಷಿದ್ಧ. ಹಿತ್ತಿಲ ಮುಚ್ಚಿದ ಶೆಡ್ ಕೂಡ ಬೇಡ.

ಚಳಿಗೆ ಸಿಲಿಂಡರ್ ಕೆಡುತ್ತದೆ ಎಂಬ ಹೆದರಿಕೆಯೂ ಇಲ್ಲಿಂದ ಹೋದದ್ದೇ. ನಮ್ಮ ಅಡುಗೆ ಅನಿಲ ಬ್ಯೂಟೇನ್, ಪ್ರೊಪೇನ್ ಎರಡರ ಮಿಶ್ರಣ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಅನಿಲವಾಗಲು ಒಲ್ಲೆನ್ನುತ್ತದೆ. ಗ್ಯಾಸ್ ಮುಗಿಯುತ್ತ ಬಂದಾಗ ಸಿಲಿಂಡರನ್ನು ಬಿಸಿನೀರಿನ ಟಬ್ಬಿನಲ್ಲಿ ಕೂರಿಸುವ, ಅಡ್ಡ ಮಲಗಿಸುವ ಕೆಟ್ಟ ಚಾಳಿ ಹುಟ್ಟಿಕೊಂಡದ್ದು ಹೀಗೆ. ಅಲ್ಲಿಯ ಗ್ರಿಲ್ ಸಿಲಿಂಡರಿನಲ್ಲಿ ಇರುವುದು ಬಹುಪಾಲು ಬರೀ ಪ್ರೊಪೇನ್, ಅದರ ಕುದಿಬಿಂದು ಮೈನಸ್ 42 ಡಿಗ್ರಿ ಸೆಲ್ಸಿಯಸ್. ಮಿನಿಯಾಪೊಲಿಸ್‌ನ ಮೈನಸ್ 20ರಲ್ಲೂ ಅದಕ್ಕೆ ಏನೂ ಆಗುವುದಿಲ್ಲ. ಒಳಗಿನ ಒತ್ತಡ ಇಳಿಯುತ್ತದೆ, ಅಷ್ಟೆ. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿ ಅದಕ್ಕೆ ಹಿಮಕ್ಕಿಂತ ದೊಡ್ಡ ಶತ್ರು.

ಹಾಗಾದರೆ ಎಲ್ಲಿಡಬೇಕು? ಹೊರಗೆ, ನೆಟ್ಟಗೆ ನಿಲ್ಲಿಸಿ, ನೀರು ನಿಲ್ಲದ ಸಮತಟ್ಟು ಜಾಗದಲ್ಲಿ. ಮಣ್ಣಿನ ಮೇಲೆ ನೇರ ಇಡದೆ ಕೆಳಗೊಂದು ಕಾಂಕ್ರೀಟ್ ಕಲ್ಲು ಹಾಕಿದರೆ ಅಡಿಯ ಬಳೆ ತುಕ್ಕು ಹಿಡಿಯುವುದಿಲ್ಲ. ಬಾಗಿಲು, ಕಿಟಕಿ, ಬಟ್ಟೆ ಒಣಗಿಸುವ ಯಂತ್ರದ ಹೊರಬಾಯಿ, ಬೇಸ್‌ಮೆಂಟಿನ ಕಿಟಕಿ ಗುಂಡಿ ಇವುಗಳಿಂದ 10 ಅಡಿ ದೂರವಿರಲಿ. ಸೂರಿನಿಂದ ಹಿಮದ ಗಡ್ಡೆ ಜಾರಿ ಬೀಳುವ ಕಡೆಯೂ ಬೇಡ. ಮಕ್ಕಳ ಕೈಗೆ ಸಿಗದ ಹಾಗೆ ಒಂದು ಹಗ್ಗ ಬಿಗಿಯಿರಿ. ವಾಲ್ವ್ ಬಾಯಿಗೆ ಪ್ಲಾಸ್ಟಿಕ್ ಬಿರಡೆ ಹಾಕಿ, ಧೂಳು ಹುಳ ಹೋಗದಿದ್ದರೆ ಸಾಕು.

ಗ್ರಿಲ್ ಹೊರಗೇ ಉಳಿಯುವುದಾದರೆ ಸಿಲಿಂಡರನ್ನು ಬಿಚ್ಚಲೇಬೇಕೆಂದಿಲ್ಲ. ವಾಲ್ವ್ ಬಿಗಿಯಾಗಿ ಮುಚ್ಚಿದರೆ ಆಯಿತು. ಗ್ರಿಲ್ ಗ್ಯಾರೇಜಿಗೆ ಹೋಗುವುದಾದರೆ ಮಾತ್ರ ಸಿಲಿಂಡರ್ ಬಿಚ್ಚಿ ಹೊರಗೆ ಬಿಡಬೇಕು. ಬಿಚ್ಚುವ ದೊಡ್ಡ ಕಪ್ಪು ಪ್ಲಾಸ್ಟಿಕ್ ನಟ್ಟಿಗೆ ಸ್ಪ್ಯಾನರ್ ಬೇಡ, ಕೈಯಲ್ಲೇ ಎಡಕ್ಕೆ ತಿರುಗಿಸಿ. ಆ ನಟ್ ಪ್ಲಾಸ್ಟಿಕ್ಕಿನದಾಗಿರುವುದಕ್ಕೂ ಕಾರಣವಿದೆ: ಬೆಂಕಿ ತಗುಲಿದರೆ ಅದು ಕರಗಿ ಗ್ಯಾಸ್ ತಾನಾಗಿ ನಿಲ್ಲುತ್ತದೆ. ಇಕ್ಕಳ ಹಾಕಿ ತಿರುಗಿಸಿ ಅದರ ಹಲ್ಲು ಸವೆಸಿದವರು ಆ ರಕ್ಷಣೆಯನ್ನು ತಾವೇ ಕೆಡಿಸಿಕೊಂಡಂತೆ. ಅಪಾರ್ಟ್‌ಮೆಂಟಿನವರಿಗೆ ಇದೆಲ್ಲ ಅನ್ವಯಿಸುವುದೂ ಕಡಿಮೆ. ಮರದ ಬಾಲ್ಕನಿಯಲ್ಲಿ ಈ ಗಾತ್ರದ ಸಿಲಿಂಡರಿಗೆ ಅನೇಕ ಊರುಗಳ ಅಗ್ನಿ ನಿಯಮದಲ್ಲಿ ಅವಕಾಶವೇ ಇಲ್ಲ. ಅವರು ಅಂಗಡಿ ಮುಂದಿನ ವಿನಿಮಯದ ಪಂಜರಕ್ಕೆ ಸಿಲಿಂಡರ್ ಹಿಂದಿರುಗಿಸಿ, ಬೇಸಿಗೆಗೆ ಹೊಸದು ತರುವುದೇ ವಾಸಿ. ಕಸದ ಡಬ್ಬಿಗೆ ಮಾತ್ರ ಹಾಕಬೇಡಿ, ಖಾಲಿಯಾಗಿದ್ದರೂ.

ಇಟ್ಟ ಸಿಲಿಂಡರಿನಲ್ಲಿ ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯುವ ಉಪಾಯ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಇಲ್ಲಿಯಂತೆ ಅಲ್ಲೂ ಕತ್ತಿನ ಪಟ್ಟಿಯ ಮೇಲೆ ಖಾಲಿ ತೂಕ ಅಚ್ಚೊತ್ತಿರುತ್ತದೆ, ‘ಟಿಡಬ್ಲ್ಯು’ ಎಂಬ ಅಕ್ಷರಗಳ ಮುಂದೆ, ಸಾಮಾನ್ಯವಾಗಿ 17 ಪೌಂಡಿನ ಸುತ್ತಮುತ್ತ. ಮೈತೂಕ ನೋಡುವ ತಕ್ಕಡಿಯ ಮೇಲಿಟ್ಟು, ಬಂದ ತೂಕದಿಂದ ಅದನ್ನು ಕಳೆಯಿರಿ. ಪಕ್ಕದಲ್ಲೇ ತಯಾರಾದ ತಿಂಗಳು, ವರ್ಷ ಇರುತ್ತದೆ. ನಮ್ಮ ಸಿಲಿಂಡರಿನ ‘ಎ-26’, ‘ಸಿ-27’ ಮುಂದಿನ ಪರೀಕ್ಷೆಯ ತ್ರೈಮಾಸಿಕವನ್ನು ಹೇಳಿದರೆ, ಅಲ್ಲಿಯದು ಹುಟ್ಟಿದ ದಿನವನ್ನು ಹೇಳುತ್ತದೆ. ಅಮೆರಿಕದಲ್ಲಿ ಅಲ್ಲಿಂದ 12 ವರ್ಷ, ಕೆನಡಾದಲ್ಲಿ 10 ವರ್ಷ ದಾಟಿದ್ದನ್ನು ಮರುಪರೀಕ್ಷೆಯಿಲ್ಲದೆ ತುಂಬಿಕೊಡುವುದಿಲ್ಲ. ಬೇಸಿಗೆಯ ಮೊದಲ ಶನಿವಾರ ನೆಂಟರನ್ನು ಕರೆದು, ಬಂಕಿನಲ್ಲಿ ‘ಇದು ಆಗಲ್ಲ’ ಎನ್ನಿಸಿಕೊಳ್ಳುವ ಬದಲು ಈಗಲೇ ನೋಡಿಕೊಳ್ಳಬಹುದು.

ಇನ್ನು ಗ್ರಿಲ್. ಚಳಿಗಿಂತ ಅದನ್ನು ತಿನ್ನುವುದು ಜಿಡ್ಡು ಮತ್ತು ಉಪ್ಪು. ಅದರಲ್ಲೂ ನಮ್ಮವರ ಗ್ರಿಲ್. ಮೊಸರು, ಉಪ್ಪು, ನಿಂಬೆರಸ, ಎಣ್ಣೆ ಕಲಸಿ ಹಚ್ಚಿದ ಪನೀರೋ ಕೋಳಿಯೋ ಬೇಯುವಾಗ ತೊಟ್ಟಿಕ್ಕಿದ ಮಸಾಲೆ ಬರ್ನರಿನ ಮೇಲಿನ ತಗಡುಗಳಿಗೆ ಹತ್ತಿ ಅಂಟಾಗುತ್ತದೆ. ಅದರಲ್ಲಿರುವ ಉಪ್ಪು ಐದು ತಿಂಗಳು ಗಾಳಿಯ ತೇವ ಹೀರುತ್ತ ಕೂರುತ್ತದೆ. ಸ್ಟೇನ್‌ಲೆಸ್ ಎಂದು ನಂಬಿದ ತಗಡಿನಲ್ಲೂ ಮೇ ತಿಂಗಳಿಗೆ ಸೂಜಿ ತೂತು ಬಿದ್ದಿರುತ್ತದೆ. ಫ್ರಿಜ್ಜಿನ ಮೇಲಿನ ಅಯಸ್ಕಾಂತ ತಂದು ಹಚ್ಚಿ ನೋಡಿ, ಗಟ್ಟಿಯಾಗಿ ಅಂಟಿಕೊಂಡರೆ ಅದು ನಿಕ್ಕಲ್ ಇಲ್ಲದ ಅಗ್ಗದ ಜಾತಿ, ಬೇಗ ತುಕ್ಕಿಗೆ ಬೀಳುವಂಥದು.

ಮಾಡುವ ಕ್ರಮ ಹೀಗೆ. ಮೊದಲು ಅಡಿಯ ಜಿಡ್ಡಿನ ಟ್ರೇ ಖಾಲಿ ಮಾಡಿ. ಎಲ್ಲರೂ ಇದನ್ನು ಕೊನೆಗೆ ಮಾಡುತ್ತಾರೆ. ತುಂಬಿದ ಟ್ರೇ ಇಟ್ಟುಕೊಂಡು ಪೂರ್ತಿ ಉರಿ ಹಚ್ಚಿದರೆ ಕೆಳಗಿನ ಜಿಡ್ಡಿಗೇ ಬೆಂಕಿ ಹತ್ತುತ್ತದೆ, ಅದಕ್ಕೆ ನೀರು ಎರಚಿದರೆ ಮುಖಕ್ಕೇ ಹಾರುತ್ತದೆ. ಟ್ರೇ ಖಾಲಿಯಾದ ಮೇಲೆ ಎಲ್ಲ ಬರ್ನರುಗಳನ್ನೂ ಜೋರಾಗಿಟ್ಟು, ಮುಚ್ಚಳ ಹಾಕಿ, 15 ನಿಮಿಷ ಸುಡಿ. ನಂತರ ನಾಬ್ ಮುಟ್ಟಬೇಡಿ. ಸಿಲಿಂಡರಿನ ವಾಲ್ವ್ ಮುಚ್ಚಿ. ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಮುಗಿದು ಉರಿ ತಾನಾಗಿ ಆರಿದ ಮೇಲೆ ನಾಬುಗಳನ್ನು ಮುಚ್ಚಿ.

ಬೆಚ್ಚಗಿರುವಾಗಲೇ ಜಾಲರಿ ಉಜ್ಜಬೇಕು. ತಂತಿ ಬ್ರಶ್ ಬಳಸುವುದಾದರೆ ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಲೇಬೇಕು. ಉದುರಿದ ತಂತಿಯ ಚೂರು ಮಾಂಸಕ್ಕೋ ಜೋಳದ ತೆನೆಗೋ ಅಂಟಿ ಗಂಟಲು, ಕರುಳಿಗೆ ಚುಚ್ಚಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ 2012ರಲ್ಲಿ ವರದಿ ಮಾಡಿದೆ. ತಣ್ಣಗಾದ ಮೇಲೆ ಜಾಲರಿ, ಅದರ ಕೆಳಗಿನ ಗುಡಿಸಲಾಕಾರದ ತಗಡು ತೆಗೆದು, ಗ್ರಿಲ್ಲಿನ ಬೇಸಿನ್ನಿನ, ಅಂದರೆ ಬರ್ನರುಗಳು ಕೂತ ತೊಟ್ಟಿಯ, ಒಳಮೈಯನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ಟ್ರೇಗೆ ಬೀಳಿಸಿ. ಮುಚ್ಚಳದ ಒಳಗೆ ಬಣ್ಣ ಸುಲಿದಂತೆ ಜೋತಾಡುವ ಕಪ್ಪು ಪದರ ಬಣ್ಣವಲ್ಲ, ಹೊಗೆ ಮತ್ತು ಜಿಡ್ಡಿನ ಇದ್ದಿಲು, ಅದೂ ಹೋಗಲಿ. ಉಳಿದದ್ದಕ್ಕೆ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಓವನ್ ಕ್ಲೀನರ್ ಬೇಡ. ಅದರಲ್ಲಿನ ಕಾಸ್ಟಿಕ್ ಸೋಡ ಅಲ್ಯೂಮಿನಿಯಂ ಎರಕದ ಬೇಸಿನ್ನನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಬ್ಲೀಚ್ ಸ್ಟೀಲಿಗೆ ಗುಳಿ ಹಾಕುತ್ತದೆ. ಉಕ್ಕಿನ ನಾರು ಹಾಕಿ ತಿಕ್ಕಿದರೆ ಅದರ ಕಬ್ಬಿಣದ ಕಣಗಳು ಅಲ್ಲೇ ಉಳಿದು, ವಾರದಲ್ಲಿ ಕಂದು ಚುಕ್ಕೆ ಎದ್ದು, ಗ್ರಿಲ್ಲಿಗೇ ತುಕ್ಕು ಬಂತೆಂದು ಗಾಬರಿ ಹುಟ್ಟಿಸುತ್ತವೆ.

ನಿಜವಾದ ಕೆಲಸ ಬರ್ನರಿನದು. ಹೆಚ್ಚಿನವರು ಇಲ್ಲಿವರೆಗೆ ಬರುವುದೇ ಇಲ್ಲ. ಬರ್ನರ್ ಎಂದರೆ ಮೇಲ್ಮೈಯಲ್ಲಿ ತೂತುಗಳ ಸಾಲಿರುವ ಕೊಳವೆ. ಅದರ ಮುಂದಿನ ಬಾಯಿ ನಾಬಿನ ಹಿಂದಿರುವ ಹಿತ್ತಾಳೆ ಜೆಟ್ಟಿನ ಮೇಲೆ ಟೋಪಿಯಂತೆ ಕೂತಿರುತ್ತದೆ. ಜೆಟ್ಟಿನಿಂದ ರಭಸವಾಗಿ ಹೊರಟ ಗ್ಯಾಸ್ ಬಾಯಿಯ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಒಳಗೆ ಹೋಗಬೇಕು. ಈ ಬಾಯಿಯೆಂದರೆ ಜೇಡಕ್ಕೆ ಬಲು ಇಷ್ಟ. ಹಳದಿ ಚೀಲದ ಜೇಡ ಎಂದು ಕರೆಯುವ, ಉಗುರಿನಷ್ಟಿರುವ ಜಾತಿಯೊಂದಿದೆ, ಪೆಟ್ರೋಲಿನ ವಾಸನೆಗೂ ಮನಸೋಲುವಂಥದು. ಇಂಧನ ಟ್ಯಾಂಕಿನ ಗಾಳಿ ಕೊಳವೆಯಲ್ಲಿ ಇದು ಬಲೆ ಕಟ್ಟುತ್ತದೆಂದು ಮಜ್ದಾ ಕಂಪನಿ 2011ರಲ್ಲಿ ಉತ್ತರ ಅಮೆರಿಕದಲ್ಲಿ ಸುಮಾರು 65 ಸಾವಿರ ಕಾರುಗಳನ್ನು ವಾಪಸು ಕರೆಸಿತ್ತು. ಗ್ರಿಲ್ಲಿನ ಬಾಯಿಯಲ್ಲಿ ಬಲೆ ಕಟ್ಟಿದರೆ ಗ್ಯಾಸ್ ಮುಂದೆ ಹೋಗಲಾರದೆ ಹಿಂದಕ್ಕೆ ಚೆಲ್ಲುತ್ತದೆ, ನಾಬಿನ ಹಿಂದೆಯೇ ಹೊತ್ತಿಕೊಳ್ಳುತ್ತದೆ. ಅಲ್ಲೇ ಪಕ್ಕದಲ್ಲಿ ರಬ್ಬರ್ ಪೈಪ್ ಇರುತ್ತದೆ. ನಾಬ್ ಬಿಸಿಯಾಗುವುದು, ಉರಿ ನೀಲಿ ಬಿಟ್ಟು ಹಳದಿಯಾಗಿ ಸೋಮಾರಿಯಂತೆ ತೂಗುವುದು, ಹಚ್ಚುವಾಗ ಭುಸ್ ಎನ್ನುವುದು ಇದರ ಲಕ್ಷಣ.

ಹಿಂದಿನ ತುದಿಯ ಪಿನ್ನು ಅಥವಾ ಸ್ಕ್ರೂ ತೆಗೆದರೆ ಬರ್ನರ್ ಎತ್ತಿಕೊಂಡು ಬರುತ್ತದೆ. ಬಾಯಿಗೆ ಟಾರ್ಚ್ ಹಿಡಿದು ಒಳಗೆ ನೋಡಿ. ಬಲೆ ಹೊಳೆಯುವುದಿಲ್ಲ, ಬೂದಿ ಬಣ್ಣದ ಮಬ್ಬಿನಂತೆ ಕಾಣುತ್ತದೆ. ಗೋಡೆಗೆ ಅಂಟಿದ ಕಡಲೆಕಾಳಿನಷ್ಟು ಬಿಳಿ ಹತ್ತಿಯ ಉಂಡೆ ಕಂಡರೆ ಅದು ಮೊಟ್ಟೆಗಳ ಚೀಲ. ಬಾಟಲಿ ತೊಳೆಯುವ ಉದ್ದ ಬ್ರಶ್ ಅಷ್ಟೂ ಉದ್ದಕ್ಕೆ ಆಡಿಸಿ, ತಲೆಕೆಳಗೆ ಮಾಡಿ ತಟ್ಟಿ. ಉರಿಯ ತೂತುಗಳನ್ನು ನೆಟ್ಟಗೆ ಬಿಚ್ಚಿದ ಪೇಪರ್ ಕ್ಲಿಪ್ಪಿನಿಂದ ಬಿಡಿಸಿ. ಹಲ್ಲುಕಡ್ಡಿ ಬೇಡ, ಮುರಿದು ಒಳಗೆ ಕೂರುತ್ತದೆ. ಹೊರಗಿನಿಂದ ತೂತುಗಳ ಸಾಲನ್ನು ಉಜ್ಜುವಾಗ ಬ್ರಶ್ಶನ್ನು ಕೊಳವೆಯ ಉದ್ದಕ್ಕೆ ಎಳೆಯದೆ ಅಡ್ಡಕ್ಕೆ ಎಳೆಯಿರಿ. ಉದ್ದಕ್ಕೆ ಎಳೆದರೆ ಒಂದು ತೂತಿನ ಕಸ ಮುಂದಿನ ತೂತಿಗೆ ಹೋಗುತ್ತದೆ.

ಜೆಟ್ ವಿಷಯದಲ್ಲಿ ಹಳಬರಿಗೊಂದು ಮಾತು. ಸೀಮೆಎಣ್ಣೆ ಪಂಪ್ ಸ್ಟೌ ಕಂಡವರ ಕೈ ಜೆಟ್ ಕಂಡ ಕೂಡಲೇ ಪಿನ್ನು ಹುಡುಕುತ್ತದೆ, ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು ಹುಡುಕುತ್ತದೆ. ಇಲ್ಲಿ ಎರಡೂ ಬೇಡ. ಜೆಟ್ಟಿನ ತೂತು ಸುಮಾರು 1 ಮಿಲಿಮೀಟರ್. ಗಟ್ಟಿ ಪಿನ್ನಿನಿಂದ ಕೆದಕಿ 1.1 ಆದರೆ ತೂತಿನ ವಿಸ್ತಾರ ಶೇ 21ರಷ್ಟು ಹೆಚ್ಚಿತು. ಅಷ್ಟೇ ಗ್ಯಾಸ್ ಹೆಚ್ಚು, ಗಾಳಿ ಮಾತ್ರ ಮೊದಲಿನಷ್ಟೇ. ಉರಿ ಹಳದಿ, ಪಾತ್ರೆ ಮಸಿ. ಮೆತ್ತನೆಯ ಬ್ರಶ್ಶಿನಿಂದ ಒರೆಸಿದರೆ ಸಾಕು.

ಬರ್ನರ್ ತಿರುಗಿ ಕೂರಿಸುವಾಗ ಅದರ ಬಾಯಿಯೊಳಗೆ ಜೆಟ್ಟಿನ ಮೂಗು ಹೋಗಿದೆಯೇ ಎಂದು ಕಣ್ಣಾರೆ ನೋಡಬೇಕು. ಹಿಂಬದಿ ಸರಿಯಾಗಿ ಕೂತಿದ್ದರೂ ಮುಂದೆ ಜೆಟ್ ಕೊಳವೆಯ ಕೆಳಗೆ ಜಾರಿರುವುದುಂಟು. ಹಾಗಾದರೆ ಬಲೆಯಿಲ್ಲದೆಯೇ ಬಲೆಯ ಬೆಂಕಿ ಹತ್ತುತ್ತದೆ. ಎಲ್ಲ ಕೂರಿಸಿದ ಮೇಲೆ ಮತ್ತೆ 10 ನಿಮಿಷ ಹಚ್ಚಿ ನೀರಿನ ತೇವ ಓಡಿಸಿ. ಎರಕದ ಕಬ್ಬಿಣದ ಜಾಲರಿಯಾದರೆ ಈ ಬಿಸಿಯಲ್ಲೇ ಅಡುಗೆ ಎಣ್ಣೆ ಸವರಬೇಕು, ದೋಸೆ ಹೆಂಚಿಗೆ ಸವರುವಷ್ಟೇ ತೆಳ್ಳಗೆ. ದಪ್ಪ ಸವರಿದರೆ ಗೋಂದಾಗಿ ಕಮಟು ವಾಸನೆ ಬರುತ್ತದೆ, ಇಲಿಯನ್ನೂ ಕರೆಯುತ್ತದೆ. ಎನಾಮಲ್ ಜಾಲರಿಗೆ ಎಣ್ಣೆ ಬೇಕಿಲ್ಲ. ಅದು ಎಲ್ಲಾದರೂ ಸಿಡಿದು ಕಬ್ಬಿಣ ಕಾಣುತ್ತಿದ್ದರೆ ಅಲ್ಲಿಗೆ ಮಾತ್ರ ಸವರಿ.

ಕಿಡಿ ಹೊತ್ತಿಸುವ ಗುಂಡಿಯ ಹಿಂದಿನ ಸೆಲ್ ತೆಗೆದಿಡಿ. ಬಿಟ್ಟರೆ ಸೋರಿ ಸ್ಪ್ರಿಂಗ್ ತುಂಬ ಬಿಳಿ ಹರಳು ಕಟ್ಟುತ್ತದೆ. ಬಿಚ್ಚಿದ ಗ್ಯಾಸ್ ಪೈಪಿನ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಇಲ್ಲವಾದರೆ ಜೇಡ ಅಲ್ಲಿಗೂ ಬರುತ್ತದೆ. ರೆಗ್ಯುಲೇಟರಿನ ಮೈಮೇಲಿನ ಸಣ್ಣ ಉಸಿರು ತೂತು ನೆಲದ ಕಡೆ ಮುಖ ಮಾಡಿರಲಿ. ಅದರೊಳಗೆ ನೀರು ಹೊಕ್ಕು ಹೆಪ್ಪುಗಟ್ಟಿದರೆ ಒತ್ತಡ ಹಿಡಿತಕ್ಕೆ ಸಿಗದು.

ಹೊದಿಕೆಯ ಬಗ್ಗೆ ಎರಡೇ ಮಾತು. ಬಿಸಿಯೋ ಒದ್ದೆಯೋ ಇರುವಾಗ ಹಾಕಬೇಡಿ. ಗಾಳಿ ಆಡದ ಪ್ಲಾಸ್ಟಿಕ್ ಸುತ್ತಿ ಟೇಪ್ ಹೊಡೆಯಬೇಡಿ. ಒಳಗಿನ ತೇವ ರಾತ್ರಿ ಇಬ್ಬನಿಯಾಗಿ, ಬಯಲಲ್ಲಿಟ್ಟ ಗ್ರಿಲ್ಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಗ್ಯಾರೇಜಿಗೆ ತಂದವರು ಮಿಶಿಗನ್, ಮಿನ್ನೆಸೋಟ, ಒಂಟಾರಿಯೊದಲ್ಲಿ ಇನ್ನೊಂದು ಗಮನಿಸಬೇಕು. ರಸ್ತೆಗೆ ಎರಚಿದ ಉಪ್ಪು ಕಾರಿನ ಅಡಿಗಂಟಿದ ಹಿಮದ ಜೊತೆ ಗ್ಯಾರೇಜಿಗೆ ಬಂದು ಕರಗಿ, ಆ ಉಪ್ಪುನೀರು ಗ್ರಿಲ್ಲಿನ ಗಾಲಿಯ ಬುಡದಲ್ಲಿ ನಿಲ್ಲುತ್ತದೆ. ಕೆಳಗೆ ಒಂದು ಹಲಗೆ ಹಾಕಿ.

ಚಳಿಗಾಲದಲ್ಲೂ ಗ್ರಿಲ್ ಮಾಡುತ್ತೇವೆನ್ನುವವರು ಮಾಡಲಿ. ಸಂಕ್ರಾಂತಿಗೆ ಹಿಮದ ನಡುವೆ ಬದನೆಕಾಯಿ ಸುಟ್ಟು ಗೊಜ್ಜು ಮಾಡುವ ಸುಖ ಬೇರೆಯೇ. ಆದರೆ ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ ಒಳಗೆ ನಿಂತು ಮಾಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಬಾಗಿಲ ಕಡೆಗಿಂತ ಮನೆಯ ಕಡೆಗೇ ನುಸುಳಬಹುದು. ಸಿಲಿಂಡರ್ ವಾಲ್ವನ್ನು ಗಕ್ಕನೆ ತೆರೆದರೆ ಸೋರಿಕೆಯೆಂದು ಭಾವಿಸಿ ರೆಗ್ಯುಲೇಟರ್ ಗ್ಯಾಸನ್ನು ಅದುಮಿಬಿಡುತ್ತದೆ, ಎಷ್ಟು ತಿರುಗಿಸಿದರೂ ಉರಿ ಮೇಲೇಳುವುದಿಲ್ಲ. ಇದನ್ನು ಚಳಿಯ ತಪ್ಪೆಂದು ತಿಳಿದು ಸಿಲಿಂಡರಿಗೆ ಬಿಸಿನೀರು ಹೊಯ್ಯಬೇಡಿ. ನಾಬು, ವಾಲ್ವ್ ಎಲ್ಲ ಮುಚ್ಚಿ, ಒಂದು ನಿಮಿಷ ಬಿಟ್ಟು, ನಿಧಾನವಾಗಿ ತೆರೆದರೆ ಸರಿಹೋಗುತ್ತದೆ.

ಬೇಸಿಗೆಗೆ ತೆರೆಯುವಾಗ ಪೈಪನ್ನು ಬಗ್ಗಿಸಿ ಬಿರುಕು, ಇಲಿ ಕಡಿದ ಗುರುತು ನೋಡಿ. ಇದ್ದರೆ ಟೇಪ್ ಸುತ್ತದೆ ರೆಗ್ಯುಲೇಟರ್ ಸಮೇತ ಬದಲಿಸಿ. ಪಾತ್ರೆ ಲಿಕ್ವಿಡ್ಡನ್ನು ಸಮಪಾಲು ನೀರಿನಲ್ಲಿ ಕಲಸಿ, ನಾಬ್ ಮುಚ್ಚಿ ವಾಲ್ವ್ ತೆರೆದು, ಪ್ರತಿ ಜೋಡಣೆಗೂ ಸವರಿ. ಗುಳ್ಳೆ ಊದಿದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವ ಊರಿನ ಪರೀಕ್ಷೆ ಅಲ್ಲಿಗೂ ಬೇಡ, ಇಲ್ಲಿಗೂ ಬೇಡ. ಮೊದಲ ಸಲ ಹಚ್ಚುವಾಗ ಮುಚ್ಚಳ ಪೂರ್ತಿ ತೆರೆದಿರಲಿ. ಹತ್ತದಿದ್ದರೆ ನಾಬ್ ಮುಚ್ಚಿ, ಮುಚ್ಚಳ ತೆರೆದೇ ಬಿಟ್ಟು, 5 ನಿಮಿಷ ಕಾಯಬೇಕು.

ಆ ಭಾಗಗಳಲ್ಲಿ ಅಕ್ಟೋಬರ್ ಕೊನೆಗೇ ಹಿಮ ಕಾಣಿಸಿಕೊಳ್ಳುವುದುಂಟು. ಪುರವಣಿಯ ಆ ಒಂದು ವಾಕ್ಯಕ್ಕೆ ತಿದ್ದುಪಡಿ ಹಾಕುವುದಾದರೆ ದಯವಿಟ್ಟು ಬರುವ ಭಾನುವಾರವೇ ಹಾಕಿ. ಈ ಪತ್ರ ಉದ್ದವಾಯಿತೆನಿಸಿದರೆ ಉಳಿದದ್ದನ್ನು ಕತ್ತರಿಸಿ, ಸಿಲಿಂಡರಿನ ಭಾಗವನ್ನು ಮಾತ್ರ ಉಳಿಸಿಕೊಳ್ಳಿ.

ಇತಿ,
ಗ್ಯಾಸ್ ಉಪಕರಣ ದುರಸ್ತಿಗಾರ